ಆಯವ್ಯಯದ ಕತ್ತರಿ ಮತ್ತು ಬಯಲುನಾಡಿನ ಕೃಷಿಹೊಂಡ
(ಸದಸ್ಯ ಶಿಕ್ಷಣ ಪಾಠ)



ರಾಜ್ಯದ ಆಯವ್ಯಯ ಮಂಡನೆಯಾದ ಮರುದಿನ ನಾವು ಪತ್ರಿಕೆಯಲ್ಲಿ ಮೊದಲು ಹುಡುಕುವುದು ಕಾಫಿಗೆ ಏನು ಬಂತು, ಅಡಿಕೆಗೆ ಏನು ಬಂತು ಎಂಬುದನ್ನು. ಬಂದದ್ದು ಎದ್ದು ಕಾಣುತ್ತದೆ, ಹೋದದ್ದು ಕಾಣುವುದಿಲ್ಲ. ಅಭಿವೃದ್ಧಿ ಕಾರ್ಯಕ್ರಮಗಳ ಹಣ ಹೇಗೆ ಕಡಿಮೆಯಾಗುತ್ತದೆ, ಅದರ ಪೆಟ್ಟು ಯಾರಿಗೆ ಬೀಳುತ್ತದೆ ಎಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ. ಉದಾಹರಣೆಗಾಗಿ ನಮ್ಮ ತೋಟಗಳಿಂದ ಬಹು ದೂರದ ವಿಜಯಪುರ ಜಿಲ್ಲೆಯ ಜೈನಾಪುರ, ತಿಕೋಟಾ, ಬಬಲೇಶ್ವರದ ಸೀಮೆಯನ್ನು ಆರಿಸಿಕೊಂಡಿದ್ದೇವೆ. ಮಳೆ ಕಡಿಮೆ ಇರುವಲ್ಲಿ ಸರ್ಕಾರದ ಒಂದು ರೂಪಾಯಿಯ ಬೆಲೆ ಚೆನ್ನಾಗಿ ತಿಳಿಯುತ್ತದೆ.

ಕಡಿತದ ಮೂರು ಬಗೆ

1. ಯೋಜನೆಯನ್ನೇ ನಿಲ್ಲಿಸುವುದು. ಇದು ಎಲ್ಲರಿಗೂ ಕಾಣುವ ಕಡಿತ.
2. ಘೋಷಿಸಿದ ಮೊತ್ತವನ್ನು ಪರಿಷ್ಕೃತ ಅಂದಾಜಿನಲ್ಲಿ ಇಳಿಸುವುದು, ಅಥವಾ ಕಂತನ್ನು ಫೆಬ್ರವರಿ, ಮಾರ್ಚ್‌ವರೆಗೆ ತಡೆಯುವುದು. ಮಾರ್ಚ್ 31ಕ್ಕೆ ವರ್ಷ ಮುಗಿದರೆ ಖರ್ಚಾಗದ ಅನುದಾನ ರದ್ದಾಗುತ್ತದೆ.
3. ಮೊತ್ತವನ್ನು ವರ್ಷವರ್ಷವೂ ಅಷ್ಟೇ ಇಡುವುದು. ಸಿಮೆಂಟು, ಡೀಸೆಲ್, ಕೂಲಿ ಏರಿದಂತೆ ಅದೇ ಹಣದಲ್ಲಿ ಆಗುವ ಕೆಲಸ ಕುಗ್ಗುತ್ತದೆ.

ಕತ್ತರಿ ಇಲ್ಲಿಯೇ ಏಕೆ?

ಸಂಬಳ, ಪಿಂಚಣಿ, ಸಾಲದ ಬಡ್ಡಿ ಇವುಗಳನ್ನು ಸರ್ಕಾರ ತಪ್ಪಿಸುವಂತಿಲ್ಲ. 2002ರ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಅಧಿನಿಯಮ ಸಾಲಕ್ಕೂ ಮಿತಿ ಹಾಕಿದೆ. ಆದ್ದರಿಂದ ಆದಾಯ ಕುಸಿದಾಗ ಕೈ ಹೋಗುವುದು ಕೆರೆ, ರಸ್ತೆ, ಜಲಾನಯನಗಳ ಮೇಲೆಯೇ. ಹದಿನಾಲ್ಕನೆಯ ಹಣಕಾಸು ಆಯೋಗದ ಅವಧಿಯಲ್ಲಿ ಕೇಂದ್ರ ತೆರಿಗೆಯ ಪಾಲಿನಲ್ಲಿ ಕರ್ನಾಟಕಕ್ಕೆ ಶೇ. 4.713 ಬರುತ್ತಿತ್ತು. ಹದಿನೈದನೆಯ ಆಯೋಗ 2021-26ಕ್ಕೆ ಅದನ್ನು ಶೇ. 3.647ಕ್ಕೆ ಇಳಿಸಿತು. 2020-21ಕ್ಕೆ ಆಯೋಗವೇ ಶಿಫಾರಸು ಮಾಡಿದ್ದ 5,495 ಕೋಟಿ ರೂಪಾಯಿ ವಿಶೇಷ ಅನುದಾನವೂ ಕೈಸೇರಲಿಲ್ಲ.

ಹೊಂಡದ ಪಾಠ

2014-15ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಲ್ಲಿ ಮಳೆಯಾಶ್ರಿತ ರೈತರಿಗೆ ಹೊಂಡ, ಪಾಲಿಥೀನ್ ಹೊದಿಕೆ, ಪಂಪು, ತುಂತುರು ನೀರಾವರಿಗೆ ಸಹಾಯಧನ ದೊರೆಯುತ್ತಿತ್ತು. ಹಿಂಗಾರಿ ಬಿಳಿಜೋಳ ತೆನೆ ಬಿಡುವ ಹೊತ್ತಿಗೆ ಭೂಮಿಯ ಹಸಿ ಆರಿದರೆ ಹೊಂಡದಿಂದ ಕೊಡುವ ಒಂದೇ ಒಂದು ನೀರು ಬೆಳೆಯನ್ನು ಉಳಿಸುತ್ತದೆ. ಮುಂದೆ ಯೋಜನೆ ನಿಂತುಹೋಯಿತು. 2023-24ರ ಆಯವ್ಯಯದಲ್ಲಿ 100 ಕೋಟಿ ರೂಪಾಯಿಯೊಂದಿಗೆ ಮತ್ತೆ ಘೋಷಣೆಯಾಯಿತು. ಆದರೆ ನಡುವಿನ ವರ್ಷಗಳಲ್ಲಿ ಹರಿದುಹೋದ ಮಳೆಯನ್ನು ಯಾವ ಪೂರಕ ಅಂದಾಜೂ ಹಿಂದಕ್ಕೆ ತರಲಾರದು. ನಿಲ್ಲಿಸಿ ಮತ್ತೆ ಶುರು ಮಾಡುವುದು ಕಾಗದದ ಮೇಲೆ ಸರಿಹೊಂದಬಹುದು, ಹೊಲದಲ್ಲಿ ಹೊಂದುವುದಿಲ್ಲ.

ತಡವಾದರೆ ಬೆಲೆಯೂ ಏರುತ್ತದೆ. ಕೃಷ್ಣಾ ಮೇಲ್ದಂಡೆ ಯೋಜನೆಗೆ ಆಲಮಟ್ಟಿಯಲ್ಲಿ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟರು. ಅದರ ಮೂರನೆಯ ಹಂತಕ್ಕೆ 2012ರಲ್ಲಿ ಹಾಕಿದ ಅಂದಾಜು 17,207 ಕೋಟಿ, 2017ರಲ್ಲಿ 51,148 ಕೋಟಿ. 2013ರ ಭೂಸ್ವಾಧೀನ ಕಾಯಿದೆಯಿಂದ ಪರಿಹಾರದ ಮೊತ್ತ ಹೆಚ್ಚಿದ್ದು ಇದಕ್ಕೆ ಮುಖ್ಯ ಕಾರಣ. ಇಂದು ಉಳಿಸಿದ ಒಂದು ರೂಪಾಯಿಗೆ ನಾಳೆ ಮೂರು ತೆರಬೇಕಾಗಬಹುದು ಎಂಬುದನ್ನು ಮನಗಾಣಬೇಕು. ಏತ ನೀರಾವರಿಯಲ್ಲಿಯೂ ಇದೇ ಮಾತು: ಪಂಪು ಕೂಡಿಸಿದ ಮೇಲೆ ವಿದ್ಯುತ್ತಿಗೆ, ದುರಸ್ತಿಗೆ ಹಣ ಕೊಡದಿದ್ದರೆ ಕೆರೆ ತುಂಬುವುದಿಲ್ಲ, ಹೂಡಿದ ಬಂಡವಾಳವೂ ತುಕ್ಕು ಹಿಡಿಯುತ್ತದೆ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ ಅತ್ಯಂತ ಹಿಂದುಳಿದವುಗಳ ಪಟ್ಟಿಯಲ್ಲಿದ್ದವು. ಎಂಟು ವರ್ಷಗಳಲ್ಲಿ 31,000 ಕೋಟಿ ವೆಚ್ಚ ಮಾಡಬೇಕೆಂದು ಸಮಿತಿ ಸೂಚಿಸಿತ್ತು. ಇಂಥ ಕಾರ್ಯಕ್ರಮ ಫಲ ಕೊಡುವುದು ಹಣ ಪ್ರತಿ ವರ್ಷ ತಪ್ಪದೆ ಬಂದಾಗ ಮಾತ್ರ.

ನಮಗೇನು ಸಂಬಂಧ?

ಮಲೆನಾಡಿನ ಕಾಲುಸಂಕಕ್ಕೆ ಹಣ ಕೊಡುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯೂ ಇದೇ ಬೊಕ್ಕಸವನ್ನು ನೆಚ್ಚಿದೆ. ಸಹಕಾರ ಸಂಘಗಳ ಬೆಳೆಸಾಲದ ಕಥೆಯೂ ಬೇರೆಯಲ್ಲ. ರಾಜ್ಯಕ್ಕೆ ನಬಾರ್ಡ್ ಕೊಡುವ ರಿಯಾಯಿತಿ ಬಡ್ಡಿಯ ಮರುಹಣಕಾಸಿನ ಮಿತಿ 2023-24ರಲ್ಲಿ 5,600 ಕೋಟಿ ಇದ್ದದ್ದು 2024-25ರಲ್ಲಿ 2,340 ಕೋಟಿಗೆ ಇಳಿಯಿತು. ಬಯಲುಸೀಮೆಯ ಜೋಳದವನೂ ಮಲೆನಾಡಿನ ಅಡಿಕೆಯವನೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ.

ಎಲ್ಲ ಕಡಿತವೂ ಅನ್ಯಾಯವೆಂದು ನಾವು ಹೇಳುವುದಿಲ್ಲ. ಫಲ ಕೊಡದ ಯೋಜನೆ ನಿಲ್ಲಲೇಬೇಕು. ಆದರೆ ಲೆಕ್ಕ ನೋಡಿ ನಿಲ್ಲಿಸುವುದು ಬೇರೆ, ಕೇಳುವವರಿಲ್ಲವೆಂದು ನಿಲ್ಲಿಸುವುದು ಬೇರೆ. ಆದುದರಿಂದ ಆಯವ್ಯಯದ ಅಂದಾಜು, ಪರಿಷ್ಕೃತ ಅಂದಾಜು, ನಿಜವಾದ ವೆಚ್ಚ ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಓದುವುದನ್ನು ರೂಢಿಸಿಕೊಳ್ಳಬೇಕು. ಬೇಕಾದ ಅಂಕಿಗಳನ್ನು ಮಾಹಿತಿ ಹಕ್ಕಿನಡಿ ಕೇಳಿ ಪಡೆಯಬಹುದು. ಗ್ರಾಮಸಭೆಗೆ ತಪ್ಪದೆ ಹೋಗಬೇಕು.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ಪಂಚಾಯಿತಿಯಲ್ಲಿ ಕಳೆದ ಮೂರು ವರ್ಷಗಳಲ್ಲಿ ಅರ್ಧಕ್ಕೆ ನಿಂತ ಕಾಮಗಾರಿಗಳು ಯಾವುವು? ಕಾರಣವೇನು?
2. ಅವು ಮೇಲಿನ ಮೂರು ಬಗೆಗಳಲ್ಲಿ ಯಾವುದಕ್ಕೆ ಸೇರುತ್ತವೆ?
3. ಮುಂದಿನ ಮಹಾಸಭೆಯಲ್ಲಿ ಈ ಬಗ್ಗೆ ನಮ್ಮ ಸಂಘ ಯಾವ ನಿರ್ಣಯ ಕೈಗೊಳ್ಳಬೇಕು?