24 ಎಲ್ಲಿ, 14 ಎಲ್ಲಿ?

ಎಂಟುನೂರು ಕಿ.ಮೀ. ಓಡಿದ ಹೊಸ ಕಾರು ಲೀಟರಿಗೆ 14 ಕೊಡುತ್ತಿದೆ, ಕಂಪನಿ ಹೇಳಿದ್ದು 24 ಎಂದು ಬರೆದಿದ್ದೀರಿ. ಗಾಬರಿ ಬೇಡ. ಆ 24 ಬರುವುದು ನಿಮ್ಮ ಪುಣೆಯದೇ ಎಆರ್‌ಎಐನಂಥ ವಾಹನ ಪರೀಕ್ಷಾ ಪ್ರಯೋಗಾಲಯದಲ್ಲಿ, ಎ.ಸಿ. ಹಾಕದೆ ರೋಲರ್ ಮೇಲೆ ಓಡಿಸಿದಾಗ. ಅಲ್ಲಿ ಖಡಕಿ ಬಜಾರ್ ಇಲ್ಲ, ಹಳೇ ಮುಂಬೈ ರಸ್ತೆಯ ಸಿಗ್ನಲ್ಲುಗಳಿಲ್ಲ. ನಿಮ್ಮ ನಾಲ್ಕೈದು ಕಿ.ಮೀ. ಓಡಾಟದಲ್ಲಿ ಎಂಜಿನ್ ಬಿಸಿಯಾಗುವಷ್ಟರಲ್ಲಿ ಆಫೀಸೇ ಬಂದಿರುತ್ತದೆ. ತಣ್ಣಗಿರುವ ಎಂಜಿನ್ ಪೆಟ್ರೋಲ್ ಕುಡಿಯುವುದೇ ಜಾಸ್ತಿ.

ಮೊದಲ 1000 ಕಿ.ಮೀ. ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ಹೊಂದಿಕೊಳ್ಳುವ ಕಾಲ. ಆಕ್ಸಿಲರೇಟರ್ ಪೂರ್ತಿ ತುಳಿಯಬೇಡಿ. ಹಾಗಂತ ಮೈಲೇಜಿನಾಸೆಗೆ 25ರ ವೇಗದಲ್ಲಿ ನಾಲ್ಕನೇ ಗೇರ್ ಹಾಕಿ ಎಂಜಿನ್ ಗುದ್ದಾಡುವಂತೆ ಮಾಡುವುದು ಇನ್ನೂ ಕೆಟ್ಟದ್ದು. ಬೆಳಗಾವಿಗೆ ಹೊರಟರೆ ಒಂದೇ ವೇಗಕ್ಕೆ ಅಂಟಿಕೊಳ್ಳದೆ ಏರಿಳಿಸುತ್ತ ಹೋಗಿ; ದಾರಿಯ ಖಂಬಾಟಕಿ ಘಾಟಿನಲ್ಲಿ ಗೇರ್ ಇಳಿಸಲು ಜಿಪುಣತನ ಬೇಡ.

ಡ್ಯಾಶ್‌ಬೋರ್ಡಿನ ಅಂಕಿಯನ್ನೇ ನೆಚ್ಚಬೇಡಿ. ಒಂದೇ ಬಂಕಿನಲ್ಲಿ, ನಾಝಲ್ ತಾನಾಗಿ ನಿಲ್ಲುವವರೆಗೆ ಫುಲ್ ಟ್ಯಾಂಕ್ ಮಾಡಿಸಿ. ಮತ್ತೆ ತುಂಬಿಸಿದಾಗ ಓಡಿದ ಕಿ.ಮೀ.ಯನ್ನು ಹಿಡಿಸಿದ ಲೀಟರಿನಿಂದ ಭಾಗಿಸಿ. ಮೂರು ಸಾವಿರ ಕಿ.ಮೀ. ದಾಟಿದ ಮೇಲೆ ಹೆದ್ದಾರಿಯಲ್ಲೂ 14ರಲ್ಲೇ ನಿಂತರೆ ಟೈರಿನ ಗಾಳಿ, ಹಿಡಿದುಕೊಂಡ ಬ್ರೇಕ್ ಪರೀಕ್ಷಿಸಿ. ಊರೊಳಗೆ ಮಾತ್ರ 24ರ ಆಸೆ ಬಿಟ್ಟುಬಿಡಿ.