ಕೊಡಲಿಯ ಕಾಲ ಹೇಳಿದ ಮರ

ಮಕ್ಕಳೇ, ಸೌದೆ ಒಡೆಯುವ ಕೊಡಲಿಯನ್ನು ನೀವೆಲ್ಲ ನೋಡಿದ್ದೀರಿ. ಅದಕ್ಕೆ ಯಾರಾದರೂ ಬೆಳ್ಳಿಯ ಚಿತ್ತಾರ ಮಾಡಿಸುತ್ತಾರೆಯೇ? ಮಾಡಿಸಿದ್ದರು! ಆ ಕೊಡಲಿ ಇಂದು ಡೆನ್ಮಾರ್ಕ್ ದೇಶದ ರಾಷ್ಟ್ರೀಯ ವಸ್ತು ಸಂಗ್ರಹಾಲಯದಲ್ಲಿದೆ.

1868ರಲ್ಲಿ ಅಲ್ಲಿನ ಮಾಮೆನ್ ಎಂಬ ಊರಿನ ಬಳಿ ಮಣ್ಣಿನ ದಿಬ್ಬವೊಂದನ್ನು ಅಗೆದಾಗ ಮರದ ಕೋಣೆಯೊಂದು ಸಿಕ್ಕಿತು. ಅದು ವೈಕಿಂಗ್ ಕಾಲದ ಸಿರಿವಂತನ ಸಮಾಧಿ. ವೈಕಿಂಗರು ಉತ್ತರ ಯುರೋಪಿನ ಸಮುದ್ರಯಾನಿಗಳು. ಸಮಾಧಿಯಲ್ಲಿ ಬೆಲೆಬಾಳುವ ಬಟ್ಟೆಗಳು, ದೊಡ್ಡ ಮೇಣದ ಬತ್ತಿ ಮತ್ತು ಈ ಕೊಡಲಿ ಇದ್ದವು.

ಚಿತ್ತಾರ ಮಾಡಿದ್ದು ಹೇಗೆ?

ಕಬ್ಬಿಣ ಗಟ್ಟಿ, ಬೆಳ್ಳಿ ಮೆದು. ಕಬ್ಬಿಣದಲ್ಲಿ ಸಣ್ಣ ಗೀರುಗಳನ್ನು ಕೊರೆದು, ಬೆಳ್ಳಿಯ ತಂತಿಯನ್ನು ಇಟ್ಟು ಬಡಿದರೆ ಅದು ಗೀರಿನೊಳಗೆ ಕಚ್ಚಿಕೊಳ್ಳುತ್ತದೆ. ನಮ್ಮ ಬೀದರಿನ ಬಿದ್ರಿ ಕಲೆಯಲ್ಲೂ ಹೀಗೆಯೇ ಬೆಳ್ಳಿ ಕೂರಿಸುತ್ತಾರೆ. ಆದರೆ ಅಲ್ಲಿ ಬಳಸುವುದು ಸತು ಮತ್ತು ತಾಮ್ರದ ಮಿಶ್ರಲೋಹ. ಮಾಮೆನ್ ಕೊಡಲಿಯ ಒಂದು ಬದಿಯಲ್ಲಿ ಹಕ್ಕಿ, ಇನ್ನೊಂದು ಬದಿಯಲ್ಲಿ ಹೆಣೆದುಕೊಂಡ ಬಳ್ಳಿಯಂಥ ಚಿತ್ರವಿದೆ.

ಎಷ್ಟು ಹಳೆಯದು?

ಕೊಡಲಿಯ ಮೇಲೆ ಇಸವಿ ಬರೆದಿಲ್ಲ. ಉತ್ತರ ಕೊಟ್ಟದ್ದು ಸಮಾಧಿಯ ಮರ. ಅಂಥ ಚಳಿ ದೇಶಗಳಲ್ಲಿ ಮರದ ಕಾಂಡ ವರ್ಷಕ್ಕೊಂದು ಉಂಗುರ ಬೆಳೆಯುತ್ತದೆ. ಬೆಳವಣಿಗೆಗೆ ಅನುಕೂಲವಾದ ವರ್ಷ ಅಗಲದ ಉಂಗುರ, ಇಲ್ಲದ ವರ್ಷ ಕಿರಿದಾದ ಉಂಗುರ. ಈ ಅಗಲ-ಕಿರಿದುಗಳ ಸಾಲನ್ನು ಕಾಲ ತಿಳಿದಿರುವ ಮರಗಳ ಸಾಲಿನೊಡನೆ ಹೊಂದಿಸಿ ನೋಡಿದರು. ಮರ ಕಡಿದದ್ದು 970-71ರ ಚಳಿಗಾಲದಲ್ಲಿ ಎಂದು ತಿಳಿಯಿತು! ಚಳಿಗಾಲ ಎಂದು ಹೇಗೆ ಗೊತ್ತಾಯಿತು? ತೊಗಟೆಯ ಕೆಳಗಿನ ಕೊನೆಯ ಉಂಗುರ ಪೂರ್ತಿಯಾಗಿದ್ದು, ಮುಂದಿನ ವಸಂತದ ಬೆಳವಣಿಗೆ ಶುರುವಾಗಿರದಿದ್ದರೆ ಅದು ಚಳಿಗಾಲದಲ್ಲಿ ಕಡಿದ ಮರ.

ಹಕ್ಕಿಯ ಅರ್ಥವೇನು?

ಆ ಕಾಲದಲ್ಲಿ ಡೆನ್ಮಾರ್ಕಿನ ರಾಜ ಹೆರಾಲ್ಡ್ ಕ್ರೈಸ್ತ ಧರ್ಮ ಸ್ವೀಕರಿಸಿದ್ದ. ಜನರಲ್ಲಿ ಹಳೆಯ ನಂಬಿಕೆಗಳೂ ಉಳಿದಿದ್ದವು. ಹಕ್ಕಿ ಹಳೆಯ ಪುರಾಣದ ಹುಂಜವೆಂದು ಕೆಲವರು, ಕ್ರೈಸ್ತರ ಫೀನಿಕ್ಸ್ ಎಂದು ಕೆಲವರು ಹೇಳುತ್ತಾರೆ. ಮರ ಕಡಿದ ಕಾಲವನ್ನು ಉಂಗುರ ಹೇಳುತ್ತದೆ. ಚಿತ್ರ ಬಿಡಿಸಿದವನ ಮನಸ್ಸನ್ನು ಅದು ಹೇಳಲಾರದು. ಯಾವುದು ಪುರಾವೆ, ಯಾವುದು ಊಹೆ ಎಂದು ಬೇರ್ಪಡಿಸುವುದೇ ವಿಜ್ಞಾನದ ರೀತಿ.

ತಪ್ಪು ಚೀಟಿಯ ಕಥೆ

ಈ ಸಮಾಧಿಯ ಮೂಳೆಗಳು ನೂರಕ್ಕೂ ಹೆಚ್ಚು ವರ್ಷ ಕಾಣೆಯಾಗಿದ್ದವು. ಅವು ವಸ್ತು ಸಂಗ್ರಹಾಲಯದಲ್ಲೇ, ಬೇರೆ ಸಮಾಧಿಯ ಹೆಸರಿನ ಪೆಟ್ಟಿಗೆಯಲ್ಲಿದ್ದವು! ಮೂಳೆಗಳಿಗೆ ಅಂಟಿದ್ದ ಬಟ್ಟೆಯ ಚೂರುಗಳೂ ಅವುಗಳನ್ನು ಗುರುತಿಸಲು ನೆರವಾದವು. 2021ರಲ್ಲಿ ಈ ಸಂಗತಿ ಪ್ರಕಟವಾಯಿತು. ನೀವು ಎಲೆ, ಕಲ್ಲು, ಬೀಜ ಸಂಗ್ರಹಿಸುವಾಗ ಎಲ್ಲಿ, ಯಾವಾಗ ಸಿಕ್ಕಿತು ಎಂಬ ಚೀಟಿಯನ್ನು ಅಂದೇ ಬರೆದಿಡಿ.

ಮಾಡಿ ನೋಡಿ

1. ಕಡಿದು ಬಿದ್ದ ತೇಗದ ತುಂಡಿನಲ್ಲಿ ಉಂಗುರಗಳನ್ನು ಎಣಿಸಿ. ಅತಿ ಅಗಲವಾದುದು ಯಾವುದು?
2. ತೆಂಗಿನ ಕಾಂಡದಲ್ಲಿ ಇಂಥ ಉಂಗುರಗಳಿವೆಯೇ? ಏಕಿಲ್ಲ? ಶಿಕ್ಷಕರೊಡನೆ ಚರ್ಚಿಸಿ.