ಘಾಟಿ ಇಳಿಯುವ ಮುಂಚೆ: ಬ್ರೇಕ್ ಆಯಿಲ್ ಬಗ್ಗೆ ಮಗನಂಥವನಿಗೆ ಕಿವಿಮಾತು

ಹಳೇ ಮಾರುತಿ 800 ನಿನ್ನ ಕೈಗೆ ಬಂತು, ಸಂತೋಷ. ತೊಳೆದು ಪಾಲಿಶ್ ಹಾಕೋದು ಆಮೇಲಿರಲಿ ಮಾರಾಯ. ತೀರ್ಥಹಳ್ಳಿಯಿಂದ ಉಡುಪಿಗೆ ಓಡಾಡುವವನು ನೀನು, ಆಗುಂಬೆ ಘಾಟಿ ಇಳಿಯಲೇಬೇಕು. ಮೊದಲು ಇದನ್ನು ಕೇಳಿಸಿಕೋ.

• ಬ್ರೇಕ್ ಆಯಿಲ್ ಎಷ್ಟಿದೆ ಅಂತ ಎಲ್ಲರೂ ನೋಡ್ತಾರೆ, ಹಾಕಿ ಎಷ್ಟು ವರ್ಷ ಆಯ್ತು ಅಂತ ಯಾರೂ ಕೇಳೋದಿಲ್ಲ. ಮಳೆಗಾಲದಲ್ಲಿ ಡಬ್ಬಿ ಮುಚ್ಚಿಟ್ಟ ಹಪ್ಪಳವೂ ಮೆತ್ತಗಾಗುತ್ತಲ್ಲ, ಹಾಗೇ ಇದೂ ತೇವ ಎಳೆದುಕೊಳ್ಳುತ್ತೆ. ರಬ್ಬರ್ ಹೋಸಿನ ಮೈಯಿಂದಲೂ ತೇವ ಒಳಗಿಳಿಯುತ್ತೆ. ಕಾರು ಶೆಡ್ಡಿನಲ್ಲೇ ನಿಂತಿದ್ದರೂ ಇದು ತಪ್ಪೋದಿಲ್ಲ.

• ನೀರು ಸೇರಿದರೆ ಏನಾಗುತ್ತೆ? ಹೊಸ ಡಾಟ್ 3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನೋದು ನಿಯಮ. ಶೇ. 3.7ರಷ್ಟು ನೀರು ಸೇರಿದ್ದಕ್ಕೆ ಆ ಮಿತಿ 140ಕ್ಕೆ ಇಳಿಯುತ್ತೆ. ಡಾಟ್ 4ಕ್ಕೆ ಇದು 230 ಮತ್ತು 155. ಘಾಟಿಯುದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಪ್ಯಾಡಿನ ಕಾವು ಆಯಿಲಿಗೆ ಹತ್ತಿ, ಒಳಗೆ ಆವಿ ಕಟ್ಟುತ್ತೆ. ಒತ್ತಿದರೆ ಆಯಿಲ್ ಕುಗ್ಗೋದಿಲ್ಲ, ಆವಿ ಕುಗ್ಗುತ್ತೆ. ಪೆಡಲ್ ನೇರ ನೆಲಕ್ಕೆ! ಊರೊಳಗಿನ ಸಪಾಟು ರಸ್ತೆಯಲ್ಲಿ ಅದೇ ಬ್ರೇಕ್ ಚೆನ್ನಾಗೇ ಹಿಡಿಯುತ್ತೆ, ಅದಕ್ಕೇ ನನಗೆ ಭಯ.

• ಇಳಿಜಾರು ಶುರುವಾಗುವ ಮೊದಲೇ ಸೆಕೆಂಡ್ ಗೇರಿಗೆ ಹಾಕು. ಪೆಡಲ್ ಕೈಕೊಟ್ಟರೆ ಪದೇ ಪದೇ ಒತ್ತು, ಗೇರ್ ಇಳಿಸು, ಹ್ಯಾಂಡ್ ಬ್ರೇಕನ್ನು ಮೆಲ್ಲಗೆ ಎಳೆ. ಇಂಜಿನ್ ಮಾತ್ರ ಆಫ್ ಮಾಡಬೇಡ.

• ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸು. ತಾರೀಖು ಬರೆದು ಬಾನೆಟ್ಟಿನ ಒಳಗೆ ಅಂಟಿಸು.

• ಡಾಟ್ 3 ಇದ್ದಲ್ಲಿ ಡಾಟ್ 4 ಹಾಕಬಹುದು. ಡಾಟ್ 5 ಬೇಡ, ಅದು ಸಿಲಿಕೋನ್, ಇದರ ಜೊತೆ ಬೆರೆಯೋದಿಲ್ಲ. ಇಂಜಿನ್ ಆಯಿಲ್ ಅಪ್ಪಿತಪ್ಪಿಯೂ ಬೀಳಬಾರದು. ಒಳಗಿನ ರಬ್ಬರೆಲ್ಲ ಊದಿಕೊಂಡು ಹಾಳಾಗುತ್ತೆ.

• ಮಟ್ಟ ಇಳಿದಿದೆ ಅಂತ ತಕ್ಷಣ ಸುರಿಯಬೇಡ. ಪ್ಯಾಡ್ ಸವೆದಂತೆ ಪಿಸ್ಟನ್ ಮುಂದೆ ಬರುತ್ತೆ, ಆ ಜಾಗ ತುಂಬಲು ಆಯಿಲ್ ಇಳಿಯುತ್ತೆ. ಪ್ಯಾಡ್ ದಪ್ಪವಾಗೇ ಇದ್ದು ಮಟ್ಟ ಇಳೀತಿದ್ದರೆ ಎಲ್ಲೋ ಸೋರ್ತಿದೆ. ಹಿಂದಿನ ಟಯರಿನ ಒಳಮೈ ನೋಡು. ಅಲ್ಲಿ ಜಿಡ್ಡಾದ ಪಸೆ ಕಂಡರೆ ವೀಲ್ ಸಿಲಿಂಡರಿನ ರಬ್ಬರ್ ಹೋಗಿರಬಹುದು. ಸರಿಮಾಡಿಸುವ ತನಕ ಕಾರು ತೆಗೆಯಬೇಡ.

• ಅಂಗಳದಿಂದ ಹೊರಡುವ ಮುನ್ನ ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿ. ಸ್ಪಂಜಿನಂತಿದ್ದರೆ ಏರ್ ಸೇರಿದೆ. ಮೆಲ್ಲಮೆಲ್ಲಗೆ ಕುಸಿಯುತ್ತಾ ಹೋದರೆ, ಹೊರಗೆ ಸೋರಿಕೆ ಕಾಣದಿದ್ದರೆ, ಮಾಸ್ಟರ್ ಸಿಲಿಂಡರ್ ಮೇಲೆ ಅನುಮಾನಪಡು.

• ಬ್ಲೀಡ್ ಮಾಡುವಾಗ, ಅಂದರೆ ಒಳಗಿನ ಏರ್ ಹೊರತೆಗೆಯುವಾಗ, ಪೆಡಲ್ ಕೆಳಗೆ ಒಂದು ಮರದ ತುಂಡು ಇಡಬೇಕು. ಹಳೇ ಮಾಸ್ಟರ್ ಸಿಲಿಂಡರಿನಲ್ಲಿ ಪಿಸ್ಟನ್ ದಿನಾ ತಲುಪದ ಜಾಗದಲ್ಲಿ ತುಕ್ಕು ಕೂತಿರುತ್ತೆ. ಪೆಡಲನ್ನು ನೆಲಕ್ಕೆ ಮುಟ್ಟಿಸಿ ತುಳಿದರೆ ಆ ತುಕ್ಕು ರಬ್ಬರ್ ಸೀಲನ್ನು ಹರಿದುಹಾಕುತ್ತೆ. ಗ್ಯಾರೇಜಿನ ಹುಡುಗರು ಆತುರದಲ್ಲಿ ಇದನ್ನು ಮರೀತಾರೆ, ನೀನೇ ನೆನಪಿಸು.

• ಬ್ರೇಕ್ ಆಯಿಲ್ ಪೇಂಟ್ ಮೇಲೆ ಚೆಲ್ಲಿದರೆ ಕೂಡಲೇ ನೀರು ಸುರಿ, ಇಲ್ಲದಿದ್ದರೆ ಬಣ್ಣ ಕಿತ್ತುಬರುತ್ತೆ. ಸೀಲ್ ಒಡೆದ ಬಾಟಲಿಯಲ್ಲಿ ಉಳಿದದ್ದನ್ನು ಮುಂದಿನ ವರ್ಷಕ್ಕೆ ಎತ್ತಿಡಬೇಡ. ತೆಗೆದ ಹಳೇ ಆಯಿಲನ್ನು ಚರಂಡಿಗೋ ತೋಟಕ್ಕೋ ಚೆಲ್ಲದೆ ಗ್ಯಾರೇಜಿನವರ ವೇಸ್ಟ್ ಆಯಿಲ್ ಡ್ರಮ್ಮಿಗೆ ಕೊಡು.